ಬೀರುವಿನಲ್ಲಿ ಬೆಂದ ಬ್ರೆಡ್ಡು

ತಿರುಪಣ್ಣನ ತುಟಿಗಳ ನಡುವೆ ಯಾವಾಗಲೂ ಒಂದೆರಡು ಸ್ಕ್ರೂ ಇರುತ್ತಿದ್ದವು. ಇಸ್ತ್ರಿಪೆಟ್ಟಿಗೆಯೋ ಮಿಕ್ಸಿಯೋ ಗೀಸರೋ, ಬಿಚ್ಚಿದ ಸ್ಕ್ರೂ ನೆಲಕ್ಕಿಟ್ಟರೆ ಉರುಳಿ ಹೋಗುತ್ತದೆ, ಜೇಬಿಗೆ ಹಾಕಿದರೆ ಬೇರೆಯದರ ಜೊತೆ ಬೆರೆತು ಹೋಗುತ್ತದೆ, ಬಾಯಲ್ಲಿಟ್ಟರೆ ಮಾತ್ರ ಎಲ್ಲೂ ಹೋಗುವುದಿಲ್ಲ ಎಂಬುದು ಅವನ ಲೆಕ್ಕ. ಸ್ಕ್ರೂಗೆ ಹಳಬರು ತಿರುಪು ಎನ್ನುತ್ತಾರಲ್ಲ, ಹೆಸರು ಬಂದದ್ದು ಅಲ್ಲಿಂದ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಯಾರಾದರೂ ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಿಯೇ ಹೇಳುತ್ತಿದ್ದಳು.

ಆ ಸ್ಕ್ರೂ ಇನ್ನೊಂದು ಕೆಲಸಕ್ಕೂ ಬರುತ್ತಿತ್ತು. ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಎದುರಾದರೆ, ಕೈಯಲ್ಲಿ ಯಾವ ಕೆಲಸವಿಲ್ಲದಿದ್ದರೂ, ಅವನು ಅಂಗಿಯ ಜೇಬು ತಡಕಿ ಒಂದು ಸ್ಕ್ರೂ ತೆಗೆದು ತುಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

“ನೋಡಿ, ಅಂಗಡಿ ಬಾಗಿಲು ಹಾಕಿಬಿಟ್ರು,” ಎಂದು ಹೆಂಡತಿ ನಗುತ್ತಿದ್ದಳು. “ಇನ್ನು ನಾಳೆ ಬನ್ನಿ.”

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ಹಾಗಾಗಿ ಅವನು ದಿನವಿಡೀ ಬಗ್ಗಿಯೇ ಇದ್ದ, ಆದರೆ ಕೆಲಸದ ವಿಷಯದಲ್ಲಿ ಯಾರಿಗೂ ಬಗ್ಗಿದವನಲ್ಲ. “ಸದ್ಯಕ್ಕೆ ಹೇಗೋ ಓಡೋ ಹಾಗೆ ಮಾಡಿಕೊಡು” ಎಂದು ಬಂದವರಿಗೆ ಅವರ ಸಾಮಾನನ್ನು ಹಾಗೆಯೇ ತಿರುಗಿ ಕೊಡುತ್ತಿದ್ದ. ರಿಪೇರಿ ಮುಗಿದ ಮೇಲೆ ಸಾಮಾನಿನವರನ್ನು ಹತ್ತಿರ ಕರೆದು, ಕೆಟ್ಟಿದ್ದ ಜಾಗಕ್ಕೆ ಬೆರಳಿಟ್ಟು ತೋರಿಸದೆ ಮುಚ್ಚಳ ಮುಚ್ಚುತ್ತಿರಲಿಲ್ಲ. ಅವರಿಗೆ ಬಸ್ಸಿಗೆ ಹೊತ್ತಾಗಿರಲಿ, ಮಳೆ ಬರುತ್ತಿರಲಿ, ನೋಡಿಯೇ ಹೋಗಬೇಕು. ಸುಳ್ಳು ಹೇಳುವ ಯಂತ್ರ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಯಾರದೋ ಮನೆಗೆ ಊಟಕ್ಕೆ ಹೋದವನು ಗೋಡೆಯ ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ಕುರ್ಚಿ ಹತ್ತಿ ಸರಿಮಾಡಿದ್ದೂ ಉಂಟು.

ಅಂಥವನು ಒಂದೇ ಒಂದು ಯಂತ್ರವನ್ನು ಬೇಕೆಂದೇ ತಪ್ಪಾಗಿ ಮಾಡಿದ. ಅದು ಅಕ್ಕನಿಗಾಗಿ.

ಅಮ್ಮ ತೀರಿಕೊಂಡಾಗ ತಿರುಪಣ್ಣನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕ ಓದು ಬಿಟ್ಟು ಊರಂಚಿನ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದಳು. ಪಾತ್ರೆ ತೊಳೆಯುವುದರಿಂದ ಶುರುವಾಗಿ, ಹಿಟ್ಟು ನಾದುವುದಕ್ಕೆ ಬಡ್ತಿ ಸಿಕ್ಕಿ, ಕೊನೆಗೆ ಬ್ರೆಡ್ಡು ಬನ್ನುಗಳ ಪೂರಾ ಹೊಣೆ ಅವಳ ತಲೆಗೇ ಬಂತು. ಮದುವೆಯ ಮಾತು ಬಂದಾಗಲೆಲ್ಲ “ಮೊದಲು ಇವನೊಂದು ದಡ ಸೇರಲಿ” ಎಂದಳು. ಇವನು ದಡ ಸೇರುವಷ್ಟರಲ್ಲಿ ಕೇಳಿಕೊಂಡು ಬರುವವರು ನಿಂತಿದ್ದರು. ಅದನ್ನು ಅವಳು ಯಾವತ್ತೂ ಎತ್ತಿ ಆಡಲಿಲ್ಲ. ತಮ್ಮ ತನ್ನ ಮದುವೆಯಾದ ಮೇಲೂ ಅವಳ ಜೊತೆಗೇ ಉಳಿದ. ಅವನ ತಲೆ ಬೆಳ್ಳಗಾದ ಮೇಲೂ ಅವಳು ಕರೆಯುತ್ತಿದ್ದದ್ದು “ಮರಿ” ಎಂದೇ.

ಕ್ಯಾಂಟೀನಿನಲ್ಲಿ ಒಂದು ದೊಡ್ಡ ಕರೆಂಟಿನ ಓವನ್ ಇತ್ತು. ಅದರ ಎದೆಯ ಮೇಲೆ ಸಾಲಾಗಿ ತಿರುಗಿಸುವ ಗುಂಡಿಗಳು: ಒಂದು ಮೇಲಿನ ಕಾಯಿಲ್, ಕೆಳಗಿನ ಕಾಯಿಲ್ ಆರಿಸಿಕೊಳ್ಳಲು, ಒಂದು ಹೊತ್ತು ಮುಗಿದಾಗ ಗಂಟೆ ಹೊಡೆಯಲು, ನಡುವಿನದು ಕಾವು ಎಷ್ಟಿರಬೇಕೆಂದು ಹೇಳಲು. ಕಾವಿನ ಗುಂಡಿಯ ಸುತ್ತಲಿನ ಅಂಕಿಗಳು ಒರೆಸಿ ಒರೆಸಿ ಅಳಿಸಿಹೋಗಿದ್ದವು. ಅಕ್ಕನಿಗೆ ಅವು ಬೇಕಾಗಿಯೂ ಇರಲಿಲ್ಲ. ಗುಂಡಿಯ ಅಂಚಿನಲ್ಲಿ ಒಂದು ಚೂರು ಮುರಿದಿತ್ತು. ಆ ಮುರುಕು ಬಂದು ಪಕ್ಕದ ಸ್ಕ್ರೂ ತಲೆಗೆ ನೇರವಾದರೆ ಬ್ರೆಡ್ಡಿನ ಕಾವು. ಯಾರ ಜೊತೆಗೋ ಜಗಳವಾಡುತ್ತ, ಅತ್ತ ಮುಖ ಮಾಡಿಕೊಂಡೇ ಅವಳು ಅದನ್ನು ಸೇರಿಸುತ್ತಿದ್ದಳು. ಅವಳ ಬ್ರೆಡ್ಡಿನ ಬೆನ್ನು ತೇಗದ ಮೇಜಿನ ಬಣ್ಣಕ್ಕೆ ಬರುತ್ತಿತ್ತು. ಬೆರಳಿನಿಂದ ತಟ್ಟಿದರೆ ಟೊಳ್ಳು ಡಬ್ಬಿಯ ಸದ್ದು ಕೊಡುತ್ತಿತ್ತು.

ಕಾರ್ಖಾನೆ ಮುಚ್ಚಿತು. ಅಕ್ಕ ಮನೆಯಲ್ಲಿ ಕೂತಳು. ಮರೆವು ಆಗಲೇ ಶುರುವಾಗಿತ್ತೋ, ಕೂತ ಮೇಲೆ ಶುರುವಾಯಿತೋ ಹೇಳುವುದು ಕಷ್ಟ. ಮೊದಲು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಆಮೇಲೆ ಪಕ್ಕದ ಮನೆಯವರ ಹೆಸರು ಹೋಯಿತು. ಒಂದು ದಿನ ತರಕಾರಿಗೆ ಹೋದವಳು ತಮ್ಮನ ಅಂಗಡಿಯ ಮುಂದೆಯೇ ನಿಂತು, “ಮನೆಗೆ ಹೋಗೋ ದಾರಿ ಯಾವುದಪ್ಪಾ?” ಎಂದು ಮೆಟ್ಟಿಲ ಕೆಳಗೆ ಬಗ್ಗಿ ಕೇಳಿದಳು. ಕೇಳಿ, ಅವನ ಮುಖ ನೋಡಿ, ತಾನೇ ನಕ್ಕಳು. ತಿರುಪಣ್ಣನಿಗೆ ನಗಲು ಆಗಲಿಲ್ಲ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಹೊಸದು ಇನ್ನು ಯಾವುದೂ ನಿಲ್ಲಲ್ಲ. ಹಳೇದರಲ್ಲೂ ಹೆಸರು, ಮುಖ ಮೊದಲು ಹೋಗ್ತವೆ. ಕೈಗೆ ಅಭ್ಯಾಸ ಆಗಿರೋದು ಕೊನೇವರೆಗೂ ಇರುತ್ತೆ. ಏನು ಮಾಡ್ತಿದ್ರು ಇವರು?”

“ಬ್ರೆಡ್ಡು.”

“ಹಾಗಾದ್ರೆ ಅದನ್ನೇ ಮಾಡಿಸಿ. ಬಿಡಿಸಬೇಡಿ.”

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅಕ್ಕ ಅವನ ತೋಳು ಹಿಡಿದುಕೊಂಡಳು. “ಮರಿ, ನಂಗೆ ಅರ್ಥ ಆಯ್ತು ಕಣೋ. ಕೈ ಇರೋವರೆಗೆ ನಾನಿದ್ದೀನಿ. ಕೈನೂ ಮರೆತ್ರೆ ಆಮೇಲೆ ನಾನಿಲ್ಲ, ಬರೀ ಊಟ ಮಾಡೋ ಬಾಯಿ ಅಷ್ಟೆ.”

ತಿರುಪಣ್ಣ ಜೇಬಿಗೆ ಕೈ ಹಾಕಿ ಸ್ಕ್ರೂ ಹುಡುಕಿದ.

ಮೊದಲು ಪರಿಚಯದವರ ಮನೆಯ ಹೊಸ ಓವನ್ ತೋರಿಸಿದ. ಗಾಜಿನ ಮೇಲೆ ಬೆರಳು ತಾಗಿಸಿದರೆ ಅಂಕಿ ಬೆಳಗುವಂಥದ್ದು. ದೊಡ್ಡ ಅಧಿಕಾರಿಯ ಮೇಜಿನ ಮುಂದೆ ನಿಂತವಳಂತೆ ಅಕ್ಕ ಅದರ ಮುಂದೆ ಕೈಕಟ್ಟಿ ನಿಂತಳು. “ಹಿಡ್ಕೊಳ್ಳೋಕೆ ಏನೂ ಇಲ್ವಲ್ಲೋ ಇದರಲ್ಲಿ,” ಎಂದಳು.

ಆಗ ಅವನು ಗುಜರಿ ಅಂಗಡಿಗೆ ಹೋದ. ಕ್ಯಾಂಟೀನಿನ ಸಾಮಾನೆಲ್ಲ ಅಲ್ಲಿಗೇ ಬಂದು ಬಿದ್ದಿತ್ತು. ಓವನ್ ಅಂಗಾತ ಮಲಗಿತ್ತು. ಬಾಗಿಲಿನ ಗಾಜಿಲ್ಲ, ತಳ ತುಕ್ಕು ತಿಂದು ಕೈ ಹಾಕಿದರೆ ಪುಡಿ ಉದುರುತ್ತಿತ್ತು. ಎದೆಯ ಫಲಕ ಮಾತ್ರ ಗಟ್ಟಿಯಾಗಿತ್ತು. ಮುರುಕು ಅಂಚಿನ ಗುಂಡಿಯೂ ಇತ್ತು, ಪಕ್ಕದ ಸ್ಕ್ರೂ ಸಹ.

“ಇಡೀದು ಎತ್ಕೊಂಡು ಹೋಗು ತಿರುಪಣ್ಣ,” ಎಂದ ಗುಜರಿಯವನು. “ಬರೀ ಮೂತಿ ಬಿಚ್ಕೊಂಡು ಏನು ಮಾಡ್ತೀಯ?”

“ಮೈ ಕೊಳೆತಿದೆ. ಮೂತಿ ಗಟ್ಟಿಯಾಗಿದೆ.”

“ನಮ್ಮ ಮಾವನ ಥರ ಅನ್ನು.”

ಕಾವಿನ ಗುಂಡಿಯ ಹಿಂದೆ ಒಂದು ಪುಟ್ಟ ಡಬ್ಬಿ, ಅದರಿಂದ ಹೊರಟ ದಾರದಷ್ಟು ಸಣ್ಣ ತಾಮ್ರದ ಕೊಳವೆ, ಕೊಳವೆಯ ತುದಿಗೆ ಪೆನ್ಸಿಲಿನಂಥ ಒಂದು ಕಡ್ಡಿ. ಕಡ್ಡಿಯೊಳಗೆ ಎಣ್ಣೆ. ಓವನ್ನಿನ ಒಳಗೆ ಕಾವೇರಿದಂತೆ ಎಣ್ಣೆ ಹಿಗ್ಗಿ, ಬೇಕಾದಷ್ಟಾದಾಗ ಕರೆಂಟು ತಡೆಯುತ್ತದೆ. ಆರಿದಾಗ ಮತ್ತೆ ಬಿಡುತ್ತದೆ. ಕೊಳವೆ ಎಲ್ಲಾದರೂ ಮಡಚಿ ಸೀಳಿದರೆ ಎಣ್ಣೆ ಸೋರಿ ಅದರ ಕತೆ ಮುಗಿಯಿತು. ತಿರುಪಣ್ಣ ಉಸಿರು ಹಿಡಿದು ಅದನ್ನು ಹಿಂದಿನಿಂದ ಎಳೆದುಕೊಂಡ. ಒಳಗೆ ಹಿಡಿದಿಡುವ ಕೊಕ್ಕೆಯಿಂದ ಬಿಡಿಸುವ ಗೋಜೇ ಇಲ್ಲದೆ ಕಡ್ಡಿ ಸಲೀಸಾಗಿ ಬಂತು. ಯಾಕೆ ಅಷ್ಟು ಸಲೀಸಾಗಿ ಬಂತೆಂದು ಬೇರೆ ದಿನವಾಗಿದ್ದರೆ ಕೇಳಿಕೊಳ್ಳುತ್ತಿದ್ದ. ಅವತ್ತು ಖುಷಿಯಲ್ಲಿದ್ದ. ಫಲಕವನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡವನಂತೆ ಎದೆಗವುಚಿ ಮನೆಗೆ ನಡೆದುಬಂದ.

ಮೈಗೆ ಅವನು ಆರಿಸಿದ್ದು ಯಾವುದೋ ಆಫೀಸು ಹೊರಗೆ ಹಾಕಿದ್ದ ಕಬ್ಬಿಣದ ಗಿಡ್ಡ ಬೀರು. ಬಣ್ಣ ಹೊಗೆಯಾಡಬಾರದೆಂದು ಒಳಗೆಲ್ಲ ಕೆರೆದು ಬರಿ ತಗಡು ಮಾಡಿದ. ಒಳಗೊಂದು ಸ್ಟೀಲಿನ ಪೆಟ್ಟಿಗೆ ಕೂರಿಸಿ, ಎರಡರ ನಡುವೆ ಕಾವು ಹೊರಗೆ ಬರದ ಹಾಗೆ ಕಲ್ಲಿನ ಹತ್ತಿ ತುಂಬಿದ. ಹೊಸ ಕಾಯಿಲ್ ಹಾಕಿದ. ಅರ್ಥಿಂಗ್ ತಂತಿಯನ್ನು ಮೂರು ಸಲ ಎಳೆದು ನೋಡಿದ. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಮಾಷೆ ನೋಡುತ್ತಿದ್ದಳು.

“ಲೋ ಮರಿ, ಬೀರು ಒಳಗೆ ಹೋದ ಫೈಲು ಹೊರಗೆ ಬರೋಕೆ ವರ್ಷಗಟ್ಟಲೆ ಬೇಕು ಅಂತಾರೆ. ನನ್ನ ಬನ್ನು ಯಾವಾಗ ಬರುತ್ತೋ?”

“ನೀನು ಅರ್ಜಿ ಹಾಕು. ನೋಡೋಣ,” ಎಂದ ತಿರುಪಣ್ಣ, ಸ್ಕ್ರೂಗಳ ಸಂದಿಯಿಂದ.

ಫಲಕವನ್ನು ಬೀರುವಿನ ಮುಖಕ್ಕೆ ಕೂರಿಸಿದ ದಿನ ಅಕ್ಕ ಎದ್ದು ಬಂದಳು. ಏನೂ ಹೇಳಿಕೊಡಬೇಕಾಗಲಿಲ್ಲ. ಕೈ ತಾನಾಗಿ ಹೋಗಿ ಮುರುಕು ಅಂಚನ್ನು ಸ್ಕ್ರೂ ತಲೆಗೆ ಸೇರಿಸಿತು. ಅವಳ ಮುಖ ನೋಡಿ ತಿರುಪಣ್ಣನ ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೊದಲ ಬ್ರೆಡ್ಡು ಬೆಳ್ಳಗೆ ಬಂತು.

ಮೇಲೆ ಬಣ್ಣವಿಲ್ಲ, ಒಳಗೆ ಕೊಯ್ದರೆ ಚಾಕುವಿಗೆ ಹಿಟ್ಟು ಅಂಟಿತು. ಎರಡನೆಯದೂ ಹಾಗೆಯೇ. ಅಕ್ಕ ಅದನ್ನು ಬೆರಳಿನಿಂದ ತಟ್ಟಿದಳು. ಒದ್ದೆ ಗೋಡೆಯನ್ನು ತಟ್ಟಿದ ಹಾಗಿತ್ತು.

“ಓವನ್ ನೋಡು ಮರಿ, ಏನೋ ಹೆಚ್ಚುಕಮ್ಮಿ ಇರಬೇಕು.”

ತಿರುಪಣ್ಣ ನೋಡಿದ. ಒಳಗೆ ಥರ್ಮಾಮೀಟರ್ ಇಟ್ಟು ಅಳೆದ. ಗುಂಡಿ ಕೇಳಿದಷ್ಟೇ ಕಾವು, ಕೂದಲೆಳೆಯಷ್ಟು ಆಚೀಚೆ ಇಲ್ಲ. ಕಡ್ಡಿಯನ್ನು ಅವನೇ ಹೊಸ ಕೊಕ್ಕೆ ಮಾಡಿ, ಓವನ್ನಿನ ಒಳಗೆ ಎಲ್ಲಿರಬೇಕೋ ಅಲ್ಲೇ ಕೂರಿಸಿದ್ದ. ಅಷ್ಟು ಶುದ್ಧವಾದ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಆ ಹೆಮ್ಮೆಯಲ್ಲೇ ಬಾಯಿಂದ ಮಾತು ಬಂದುಬಿಟ್ಟಿತು:

“ಓವನ್ ಸರಿಯಾಗಿದೆ ಅಕ್ಕ. ಅಳೆದು ನೋಡಿದ್ದೀನಿ.”

ಅಕ್ಕ ಬ್ರೆಡ್ಡನ್ನು ಕೆಳಗಿಟ್ಟಳು. ಕೈ ತೊಳೆದುಕೊಂಡು ಬಂದು ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ ನೋಡಿದಳು. ಓವನ್ ಸರಿಯಾಗಿದ್ದರೆ ತಪ್ಪಿದ್ದು ಯಾವುದು? ಹೇಳಿದ ಮಾತು ಏನು ಮಾಡಿತೆಂದು ತಿರುಪಣ್ಣನಿಗೆ ಆಗ ಹೊಳೆಯಿತು. ಆದರೆ ಹೊಳೆಯುವ ಹೊತ್ತಿಗೆ ಅದು ಬಾಯಿಂದ ಹೊರಗಿತ್ತು.

“ಸ್ವಲ್ಪ ಜಾಸ್ತಿ ತಿರುಗಿಸಿದ್ರೆ ಆಯ್ತು ಅಕ್ಕ, ಅಷ್ಟೇ,” ಎಂದು ಮಾರನೆಯ ದಿನ ಅವಳ ಬೆರಳು ಹಿಡಿದು ಗುಂಡಿಯನ್ನು ಸ್ಕ್ರೂ ದಾಟಿಸಿ ತೋರಿಸಿದ. ಬ್ರೆಡ್ಡು ಚೆನ್ನಾಗಿ ಬಂತು. ಅದರ ಮರುದಿನ ಬೆರಳು ಮತ್ತೆ ಹಳೆಯ ಜಾಗಕ್ಕೇ ಹೋಗಿ ನಿಂತಿತು. ಬ್ರೆಡ್ಡು ಮತ್ತೆ ಬೆಳ್ಳಗೆ. ತಿರುಪಣ್ಣ ಹೊಸ ಜಾಗದಲ್ಲಿ ಕೆಂಪು ಬಣ್ಣದ ಚುಕ್ಕೆ ಇಟ್ಟ. ಅಕ್ಕ ಅದನ್ನು ಯಾರೋ ಮಾಡಿದ ಗಲೀಜೆಂದು ಉಗುರಿನಿಂದ ಕೆರೆದು, ಬಟ್ಟೆ ಒದ್ದೆ ಮಾಡಿ ಒರೆಸಿ ಹೊಳೆಯುವಂತೆ ಮಾಡಿಟ್ಟಳು. ಹೊಸದು ಯಾವುದೂ ನಿಲ್ಲಲ್ಲ ಎಂದಿದ್ದರಲ್ಲ ಡಾಕ್ಟರು. ಆ ವಾರದ ಕೊನೆಗೆ ಅವಳು ಹಿಟ್ಟು ಕಲಸುವುದನ್ನೇ ಬಿಟ್ಟಳು. “ಬೇಡ ಕಣೋ, ಕೈ ಹೋಯ್ತು,” ಎಂದಳು. ಅಳುವ ದನಿಯಲ್ಲಿ ಅಲ್ಲ. ಬಸ್ಸು ಹೋಯ್ತು ಎಂದ ಹಾಗೆ.

ತಿರುಪಣ್ಣ ಮತ್ತೆ ಗುಜರಿಗೆ ಹೋದ. ಓವನ್ನಿನ ಮೈ ಇನ್ನೂ ಅಲ್ಲೇ ಬಿದ್ದಿತ್ತು. ತಲೆಯನ್ನೇ ಒಳಗೆ ತೂರಿಸಿ ಟಾರ್ಚು ಬಿಟ್ಟು ನೋಡಿದ. ಕಡ್ಡಿಯನ್ನು ಹಿಡಿದಿರಬೇಕಾದ ಕೊಕ್ಕೆ ಯಾವ ಕಾಲದಲ್ಲೋ ಮುರಿದುಹೋಗಿತ್ತು, ಮುರಿದ ಜಾಗಕ್ಕೂ ತುಕ್ಕು ಹತ್ತಿತ್ತು. ಕಡ್ಡಿ ಜಾರಿ ಒಳಗೋಡೆಯ ಹಿಂದಕ್ಕೆ ಹೋಗಿ, ಕಾವು ಸರಿಯಾಗಿ ತಾಗದ ಮೂಲೆಯಲ್ಲಿ ಮಲಗಿತ್ತು. ವರ್ಷಗಟ್ಟಲೆ ಮಲಗಿದ ಗುರುತು ಅಲ್ಲಿ ಕಂದು ಗೆರೆಯಾಗಿ ಉಳಿದಿತ್ತು. ತಣ್ಣನೆಯ ಮೂಲೆಯಲ್ಲಿ ಮಲಗಿದ ಕಡ್ಡಿಗೆ ಒಳಗೆ ಎಷ್ಟು ಬಿಸಿಯಿದೆಯೆಂದು ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಆ ಓವನ್ ಯಾವಾಗಲೂ ಗುಂಡಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತಿತ್ತು. ಅಕ್ಕ ಅದರ ಸುಳ್ಳಿಗೇ ತನ್ನ ಕೈಯನ್ನು ಒಗ್ಗಿಸಿಕೊಂಡಿದ್ದಳು. ಅವಳ ಕೈ ತಪ್ಪಿರಲಿಲ್ಲ. ಆ ಕೈ ಕಲಿತ ಯಂತ್ರವನ್ನು ತಮ್ಮ ಬಂದು ಸರಿಮಾಡಿಬಿಟ್ಟಿದ್ದ.

ಬೇರೆ ಯಾರದೇ ಓವನ್ ಆಗಿದ್ದರೆ ಅವರನ್ನು ಕರೆದು, ದೋಷಕ್ಕೆ ಬೆರಳಿಟ್ಟು ತೋರಿಸುತ್ತಿದ್ದ. ಅಕ್ಕನಿಗೆ ತೋರಿಸಿದರೆ ಏನಾಗುತ್ತದೆ? ಇವತ್ತು ಅರ್ಥವಾಗುತ್ತದೆ, ನಾಳೆ ಮರೆಯುತ್ತದೆ, ಬ್ರೆಡ್ಡು ಮಾತ್ರ ಬೆಳ್ಳಗೇ ಬರುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದ.

“ಕಡ್ಡೀನ ಕೊಕ್ಕೆಯಿಂದ ತೆಗೆದು ಹಿಂದಕ್ಕೆ ಹಾಕ್ತೀನಿ. ಹಳೇದರ ಹಾಗೆ.”

“ಅಂದ್ರೆ ಬೇಕಂತಲೇ ಕೆಡಿಸ್ತೀರಾ? ನೀವಾ?”

“ಹೂಂ.”

“ಪಕ್ಕದ ಮನೆ ಗಡಿಯಾರ ಎರಡು ನಿಮಿಷ ಹಿಂದೆ ಇದ್ರೆ ನಿದ್ದೆ ಬರದೋರು ನೀವು,” ಎಂದಳು. ಆಮೇಲೆ ಅವನ ಮುಖ ನೋಡಿ ದನಿ ಇಳಿಸಿ, “ಅತ್ತಿಗೆ ಸಂತೆಗೆ ಹೋಗಲಿ ಅಂತ ಕಾಯಬೇಡಿ. ನಾನು ಹೊರಗೆ ಕರ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ಮಾಡಿ,” ಎಂದಳು.

ಕೆಡಿಸುವುದು ಸರಿಮಾಡುವುದಕ್ಕಿಂತ ಕಷ್ಟವಾಯಿತು. ಕಡ್ಡಿ ಒಂದು ಬೆರಳು ಮುಂದೆ ಇದ್ದರೆ ಬಿಳಿ, ಒಂದು ಬೆರಳು ಹಿಂದೆ ಹೋದರೆ ಕರಿ. ಹಳೆಯ ಓವನ್ನಿನ ಸುಳ್ಳು ಎಷ್ಟಿತ್ತೋ ಅಷ್ಟೇ ಬೇಕು. ತಿರುಪಣ್ಣ ಹಿಟ್ಟಿನ ಉಂಡೆಗಳನ್ನು ಸುಟ್ಟು ಸುಟ್ಟು ನೋಡಿದ, ಸುಟ್ಟದ್ದನ್ನೆಲ್ಲ ತಾನೇ ತಿಂದ. ಕೊನೆಗೆ ಮುರುಕು ಅಂಚು ಸ್ಕ್ರೂಗೆ ನೇರ ನಿಂತಾಗ ತೇಗದ ಮೇಜಿನ ಬಣ್ಣ ಬಂತು. ಅಲ್ಲಿಗೆ ಕಡ್ಡಿಯನ್ನು ತಂತಿಯಿಂದ ಬಿಗಿದು, ಹಿಂದಿನ ತಗಡು ಮುಚ್ಚಿದ. ಯಾರನ್ನೂ ಕರೆದು ತೋರಿಸದೆ ಅವನು ಮುಚ್ಚಿದ ಮೊದಲ ಮುಚ್ಚಳ ಅದು.

“ಅಕ್ಕ, ನನ್ನದೇ ತಪ್ಪು. ಒಂದು ತಂತಿ ಲೂಸಾಗಿತ್ತು. ಈಗ ನೋಡು.”

ಅವಳು ಒಲ್ಲದ ಮನಸ್ಸಿನಿಂದ ಕಲಸಿದಳು, ನಾದಿದಳು, ಗುಂಡಿ ತಿರುಗಿಸಿದಳು. ಗಂಟೆ ಹೊಡೆಯಿತು. ಬಾಗಿಲು ತೆಗೆದವಳು ಬಟ್ಟೆಯಲ್ಲಿ ಬ್ರೆಡ್ಡು ಹಿಡಿದು, ಮಗುಚಿ, ಬೆರಳಿನಿಂದ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಅವನ ಕಿವಿಯ ಹತ್ತಿರ ತಂದು ಮತ್ತೊಮ್ಮೆ ತಟ್ಟಿದಳು.

“ಇದೆ ಕಣೋ ಮರಿ. ನನ್ನ ಕೈ ಇದೆ.” ಆಮೇಲೆ ಸಿಟ್ಟು ಬಂತು. “ಲೂಸು ತಂತಿ ಇಟ್ಕೊಂಡು ‘ಓವನ್ ಸರಿಯಾಗಿದೆ’ ಅಂತೀಯಲ್ಲೋ! ಊರಿನವರ ಸಾಮಾನೆಲ್ಲ ಹೀಗೇನಾ ರಿಪೇರಿ ಮಾಡೋದು?”

“ಹೀಗೇ,” ಎಂದ ತಿರುಪಣ್ಣ.

ಅದಾದ ಮೇಲೆ ಕೆಲವು ಒಳ್ಳೆಯ ವರ್ಷಗಳು ಬಂದವು. ಬೀದಿ ಮೂಲೆಯ ಚಹಾದಂಗಡಿಯವನು ದಿನಾ ಬೆಳಿಗ್ಗೆ ಬಂದು ಬ್ರೆಡ್ಡು ಒಯ್ಯುತ್ತಿದ್ದ. ಅಕ್ಕನಿಗೆ ಅವನ ಹೆಸರು ಗೊತ್ತಿರುತ್ತಿರಲಿಲ್ಲ, ಅವನಿಗೆ ಎಷ್ಟು ಬೇಕೆಂದು ಗೊತ್ತಿರುತ್ತಿತ್ತು. ಹೆಸರುಗಳು ಒಂದೊಂದಾಗಿ ಹೋದವು, ಬೀದಿ ಹೋಯಿತು, ತಮ್ಮನ ಹೆಂಡತಿ ಯಾರೆಂಬುದು ಹೋಯಿತು. ಕೈ ಮಾತ್ರ ನಿಂತಿತು. ಹಿಟ್ಟಿನ ಮುಂದೆ ನಿಂತಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಆಮೇಲೆ ಒಂದು ದಿನ ಬ್ರೆಡ್ಡು ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿತು. ಗುಂಡಿ ಕೊನೆಯವರೆಗೆ ತಿರುಗಿ ನಿಂತಿತ್ತು. ಅಕ್ಕ ಅದರ ಮುಂದೆ ನಿಂತು ಕೈಯನ್ನು ನೋಡಿಕೊಳ್ಳುತ್ತಿದ್ದಳು. ತಿರುಪಣ್ಣ ಕಿಟಕಿ ತೆಗೆಯುತ್ತಲೇ ಗಟ್ಟಿಯಾಗಿ ಹೇಳಿದ:

“ಥೂ, ಈ ಓವನ್ ಕೆಟ್ಟಿತು ಅಕ್ಕ. ನಾನು ಮಾಡಿದ್ದು ನೋಡು, ಎಷ್ಟು ದಿನ ಬಂದೀತು!”

ಅಕ್ಕನ ಮುಂದೆ ಬಿಟ್ಟರೆ ಬೇರೆಲ್ಲೂ ತನ್ನ ಕೆಲಸವನ್ನು ತಾನೇ ಹಳಿಯದ ಮನುಷ್ಯ. ಅಕ್ಕ ಮೆಲ್ಲಗೆ ಕೈ ಇಳಿಸಿದಳು. “ಹೌದಾ? ಓವನ್ನಾ?”

“ಓವನ್ನೇ.”

ಅವತ್ತು ಅವನು ಬೀರುವಿನ ಹಿಂದೆ ಕೂತು ತಗಡು ಬಿಚ್ಚುತ್ತಿದ್ದ. ಅಕ್ಕ ಒಳಗೆ ಹೋಗಿ ಮಲಗಿ ಎದ್ದು ಬಂದಳು. ಬಂದವಳು ಬಾಗಿಲಲ್ಲೇ ನಿಂತಳು.

“ಯಾರಪ್ಪಾ ನೀನು?”

ತಿರುಪಣ್ಣನ ಬಾಯಲ್ಲಿ ಸ್ಕ್ರೂ ಇತ್ತು. ತೆಗೆದು, “ರಿಪೇರಿಯವನು,” ಎಂದ.

“ಬೇಡಪ್ಪಾ, ನೀನು ಹೋಗು. ಇದನ್ನ ಬೇರೆಯವರು ಮುಟ್ಟಬಾರದು. ನನ್ನ ತಮ್ಮ ಬರ್ತಾನೆ, ಅವನೇ ನೋಡ್ತಾನೆ. ಅವನ ಹಾಗೆ ಕೆಲಸ ಮಾಡೋರು ಈ ಊರಲ್ಲಿ ಯಾರೂ ಇಲ್ಲ.”

“ಹಾಗಾ?”

“ಹಾಗಾ ಅಂದ್ರೆ? ಹೋಗಿ ಕೇಳು ಬೇಕಾದ್ರೆ. ಮೆಟ್ಟಿಲ ಕೆಳಗೆ ಅಂಗಡಿ.”

ತಿರುಪಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬೀದಿಯಲ್ಲಿ ನಿಂತ. ಎದುರು ಮನೆಯವರು ಏನೋ ಕೇಳಿದರು, ತಲೆಯಾಡಿಸಿದ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಬಂದು, ಬಾಗಿಲಲ್ಲಿ ಚಪ್ಪಲಿ ಸದ್ದು ಮಾಡಿ ಬಿಟ್ಟು, “ಅಕ್ಕಾ,” ಎಂದು ಕೂಗಿದ.

“ಬಂದ್ಯಾ ಮರಿ? ಈಗಷ್ಟೇ ಯಾರೋ ಬಂದಿದ್ದ, ಎಲ್ಲಾ ಬಿಚ್ಚಿ ಹರಡಿದ್ದ. ಬೈದು ಕಳಿಸಿದೆ.”

“ಒಳ್ಳೇದು ಮಾಡ್ದೆ,” ಎಂದು ಅವನು ಬೀರುವಿನ ಹಿಂದೆ ಹೋಗಿ ಕೂತ. ಅಡುಗೆಮನೆಯಲ್ಲಿ ಹೆಂಡತಿ ನಲ್ಲಿಯನ್ನು ಜೋರಾಗಿ ಬಿಟ್ಟಳು.

ಮುಂದಿನ ಕಾವಿನ ಗುಂಡಿಯ ತಂತಿಗಳನ್ನು ಅವನು ಅಂದೇ ಬಿಚ್ಚಿದ. ಹಿಂದೆ, ಅವಳ ಕಣ್ಣಿಗೆ ಬೀಳದ ಕಡೆ, ಇನ್ನೊಂದು ಹಳೆಯ ಓವನ್ನಿನ ಕಾವಿನ ಡಬ್ಬಿ ಕೂರಿಸಿದ. ಅಂದಿನಿಂದ ಅಕ್ಕ ಮುಂದೆ ನಿಂತು ಗುಂಡಿಯನ್ನು ಎತ್ತ ಬೇಕೋ ಅತ್ತ ತಿರುಗಿಸಿ “ಆಯ್ತು” ಎನ್ನುತ್ತಿದ್ದಳು. ತಮ್ಮ ಹಿಂದಿನಿಂದ ಸರಿಯಾದ ಕಾವು ಇಡುತ್ತಿದ್ದ. ಹಿಟ್ಟನ್ನು ತಮ್ಮನ ಹೆಂಡತಿ ನಾದುತ್ತಿದ್ದಳು. ಅಕ್ಕ ಪಕ್ಕದಲ್ಲಿ ನಿಂತು ಮೇಲೊಂದು ಸಲ ಅಂಗೈ ಒತ್ತುತ್ತಿದ್ದಳು. ಗಂಟೆಯ ಗುಂಡಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದು ಅವಳದ್ದೇ ಇರಲಿ ಎಂದು ಬಿಟ್ಟ. ಅದು ಹೊತ್ತಲ್ಲದ ಹೊತ್ತಿಗೆಲ್ಲ ಹೊಡೆಯುತ್ತಿತ್ತು, ಅವರು ಮೂವರೂ ಆಗ ಓವನ್ ಕಡೆ ನೋಡುತ್ತಿದ್ದರು. ಬ್ರೆಡ್ಡು ಬೆಂದಾಗ ಅವನು ಹಿಂದಿನಿಂದ ಎದ್ದು ಬಂದು, “ಅಕ್ಕ, ಬಾ, ತಟ್ಟಿ ನೋಡು,” ಎನ್ನುತ್ತಿದ್ದ. ಅವಳು ತಟ್ಟುತ್ತಿದ್ದಳು. “ಇದೆ,” ಎನ್ನುತ್ತಿದ್ದಳು. ಏನು ಇದೆ ಎನ್ನುವುದು ಅವಳಿಗೆ ನೆನಪಿರುತ್ತಿತ್ತೋ ಇಲ್ಲವೋ.

ಒಂದು ಮಧ್ಯಾಹ್ನ, ಹಿಟ್ಟು ಉಬ್ಬಲು ಮುಚ್ಚಿಟ್ಟ ಮೇಲೆ ಒಳಗೆ ಹೋಗಿ ಮಲಗಿದವಳು ಏಳಲಿಲ್ಲ. ಮನೆಗೆ ಜನ ಬಂದರು, ಹೋದರು. ಅಡುಗೆಮನೆಯಲ್ಲಿ ಹಿಟ್ಟು ತನ್ನಷ್ಟಕ್ಕೆ ಉಬ್ಬುತ್ತ ಉಬ್ಬುತ್ತ ಮುಚ್ಚಿದ್ದ ಬಟ್ಟೆಯನ್ನು ಮೇಲೆತ್ತಿ ಪಾತ್ರೆಯ ಅಂಚು ದಾಟಿತ್ತು. ಅದನ್ನು ಮೊದಲು ಕಂಡವನು ತಿರುಪಣ್ಣ. ಬಟ್ಟೆಯ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ. ಹಿಟ್ಟು ಇನ್ನೂ ಬೆಚ್ಚಗಿತ್ತು. ಅಷ್ಟು ಹೊತ್ತು ಅಳದೆ ಓಡಾಡಿದ್ದವನನ್ನು ಹೆಂಡತಿ ಬಂದು ಅಲ್ಲಿಂದ ಕರೆದೊಯ್ಯಬೇಕಾಯಿತು.

ಎಷ್ಟೋ ದಿನ ಅವನು ಓವನ್ ಕಡೆ ತಿರುಗಲಿಲ್ಲ. ಆಮೇಲೊಂದು ಬೆಳಿಗ್ಗೆ ಅಂಗಡಿ ತೆರೆಯದೆ ಬೀರುವಿನ ಹಿಂದೆ ಕೂತ. ತಾನು ಕೂರಿಸಿದ್ದ ಎರಡನೆಯ ಡಬ್ಬಿಯನ್ನು ಬಿಚ್ಚಿ ತೆಗೆದ. ಮುಂದಿನ ಗುಂಡಿಗೆ ಅದರ ತಂತಿಗಳನ್ನು ಮತ್ತೆ ಜೋಡಿಸಿದ. ಕಡ್ಡಿಯನ್ನು ಸರಿಯಾದ ಕೊಕ್ಕೆಗೆ ತರಬಹುದಿತ್ತು. ಕೊಕ್ಕೆ ಅಲ್ಲೇ ಇತ್ತು, ಖಾಲಿ. ಅದನ್ನು ಸ್ವಲ್ಪ ಹೊತ್ತು ನೋಡಿದ. ಕಡ್ಡಿಯನ್ನು ಅಕ್ಕನ ಕೈ ಕಲಿತಿದ್ದ ಮೂಲೆಯಲ್ಲೇ ಬಿಟ್ಟು ತಗಡು ಮುಚ್ಚಿದ.

ಕೊನೆಯ ಸ್ಕ್ರೂ ಬಿಗಿದು ಮುಗಿಯುವ ಹೊತ್ತಿಗೆ ಚಹಾದಂಗಡಿಯವನು ಬಂದ. ತಲೆಬಾಗಿಲಲ್ಲೇ ನಿಂತು, ಬೀರುವನ್ನೂ ಅವನನ್ನೂ ನೋಡಿದ.

“ಮತ್ತೆ ಶುರು ಮಾಡ್ತೀಯೇನೋ ಅಂದ್ಕೊಂಡೆ ತಿರುಪಣ್ಣ.”

ತಿರುಪಣ್ಣ ಇಲ್ಲವೆಂದು ತಲೆಯಾಡಿಸಿದ.

“ಹೌದು ಬಿಡು. ಅಕ್ಕನ ಕೈ ಇನ್ನೊಬ್ಬರಿಗೆ ಬರಲ್ಲ.” ಅವನು ಒಂದು ಹೆಜ್ಜೆ ಒಳಗೆ ಬಂದ. “ನಂಗೆ ಒಂದೇ ಆಶ್ಚರ್ಯ ನೋಡು. ಕೊನೇ ದಿನಗಳಲ್ಲಿ ನನ್ನ ಮುಖ ನೋಡಿದ್ರೆ ಯಾರು ಅಂತ ಗೊತ್ತಾಗ್ತಿರಲಿಲ್ಲ ಅವರಿಗೆ. ನಿನ್ನ ಗುರ್ತೂ ಇರಲಿಲ್ಲ ಅಂತಾರೆ. ಆದ್ರೆ ಬ್ರೆಡ್ಡು ಒಂದು ದಿನ, ಒಂದೇ ಒಂದು ದಿನನೂ ಹದ ತಪ್ಪಲಿಲ್ಲ. ಅದು ಹೇಗೆ ಸಾಧ್ಯ ಆಯ್ತು ಹೇಳು?”

ತಿರುಪಣ್ಣ ಎದ್ದು ನಿಂತ. ಬಿಗಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಂಗಿಯ ಜೇಬು ತಡಕಿ, ಒಂದು ಸ್ಕ್ರೂ ತೆಗೆದು ತುಟಿಗಳ ನಡುವೆ ಇಟ್ಟುಕೊಂಡ.

ಚಹಾದಂಗಡಿಯವನು ಅವನನ್ನು ಬಹಳ ವರ್ಷದಿಂದ ಬಲ್ಲವನು. ಮತ್ತೆ ಕೇಳಲಿಲ್ಲ. ಹೊರಗೆ ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.